ಪಟ್ಟಿಯ ಕೊನೆಯ ಹೆಸರು

2010ರ ಸೆಪ್ಟೆಂಬರ್ 28ರಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನ ಚಾನ್ಸಲರ್ ರಾಬರ್ಟ್ ಬರ್ಜೆನೊ ಒಂದು ನಿರ್ಧಾರ ಪ್ರಕಟಿಸಿದರು. ಬೇಸ್‌ಬಾಲ್, ಪುರುಷರ ಮತ್ತು ಮಹಿಳೆಯರ ಜಿಮ್ನಾಸ್ಟಿಕ್ಸ್, ಮಹಿಳೆಯರ ಲಕ್ರಾಸ್ ತಂಡಗಳಿಗೆ ಅದೇ ಕೊನೆಯ ವರ್ಷ. ರಗ್ಬಿಗೆ ಇದ್ದ ಸ್ಥಾನಮಾನವೂ ಇಳಿಯಲಿತ್ತು. ವಿಶ್ವವಿದ್ಯಾಲಯ ನಡೆಸುತ್ತಿದ್ದ 29 ಕ್ರೀಡೆಗಳು 24ಕ್ಕೆ ಇಳಿಯಬೇಕಿತ್ತು. ಇದರಿಂದ ಉಳಿಯುವ ಹಣ ವರ್ಷಕ್ಕೆ ಸುಮಾರು 40 ಲಕ್ಷ ಡಾಲರ್ ಎಂದು ಲೆಕ್ಕ ಕೊಟ್ಟರು.

ಬೇಸ್‌ಬಾಲ್ ಅಲ್ಲಿ 1892ರಿಂದ ನಡೆದುಬಂದ ಆಟ. 1947ರಲ್ಲಿ ಮೊಟ್ಟಮೊದಲ ಕಾಲೇಜ್ ವರ್ಲ್ಡ್ ಸೀರೀಸ್ ನಡೆದಾಗ ಗೆದ್ದದ್ದು ಬರ್ಕ್ಲಿಯ ಹುಡುಗರು. ಅವರೆದುರು ಸೋತ ಯೇಲ್ ತಂಡದಲ್ಲಿ ಫಸ್ಟ್ ಬೇಸ್ ಕಾಯುತ್ತಿದ್ದವರು, ಮುಂದೆ ಅಮೆರಿಕದ ಅಧ್ಯಕ್ಷರಾದ ಜಾರ್ಜ್ ಎಚ್. ಡಬ್ಲ್ಯು. ಬುಷ್. 1957ರಲ್ಲಿ ಬರ್ಕ್ಲಿ ಇನ್ನೊಮ್ಮೆ ಗೆದ್ದಿತು. ಅಂಥ ತಂಡವನ್ನು ಒಂದು ಪ್ರಕಟಣೆಯಲ್ಲಿ ಮುಗಿಸಿಬಿಡಲು ಕಾರಣವಿಲ್ಲದಿರಲಿಲ್ಲ. ಆರ್ಥಿಕ ಹಿಂಜರಿತದಲ್ಲಿ ರಾಜ್ಯ ಸರ್ಕಾರದ ಅನುದಾನ ಕುಸಿದಿತ್ತು. 2009ರಲ್ಲಿ ನೌಕರರಿಗೆ ಸಂಬಳ ಕಡಿತದ ಕಡ್ಡಾಯ ರಜೆ ಕೊಟ್ಟಿದ್ದರು. ಅದೇ ವರ್ಷದ ನವೆಂಬರಿನಲ್ಲಿ ವಿದ್ಯಾರ್ಥಿಗಳ ಶುಲ್ಕವನ್ನು ಶೇ 32ರಷ್ಟು ಏರಿಸುವ ತೀರ್ಮಾನವಾಗಿ ಕ್ಯಾಂಪಸ್ಸಿನ ಕಟ್ಟಡವೊಂದನ್ನು ವಿದ್ಯಾರ್ಥಿಗಳು ಆಕ್ರಮಿಸಿಕೊಂಡು ಕುಳಿತಿದ್ದರು. ಆಟೋಟಗಳ ನಷ್ಟ ತುಂಬಲು ಕ್ಯಾಂಪಸ್ಸಿನ ಬೊಕ್ಕಸದಿಂದ ವರ್ಷಕ್ಕೆ ಒಂದು ಕೋಟಿ ಡಾಲರಿಗೂ ಹೆಚ್ಚು ಹಣ ಹರಿಯುತ್ತಿತ್ತು. ಆಟದ ವಿಭಾಗ ತನ್ನ ಖರ್ಚನ್ನು ತಾನೇ ನೋಡಿಕೊಳ್ಳಲಿ ಎಂದು ಅಧ್ಯಾಪಕರ ಸಭೆ ನಿರ್ಣಯ ಮಾಡಿತ್ತು. ತರಗತಿಗೆ ದುಡ್ಡಿಲ್ಲದಿರುವಾಗ ಮೈದಾನಕ್ಕೇಕೆ ಎಂಬ ಪ್ರಾಧ್ಯಾಪಕರ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು.

ಆದರೆ ಒಂದು ಕಾಲೇಜು ತಂಡ ಎಲ್ಲಿ ದುಡ್ಡು ತಿನ್ನುತ್ತದೆ, ಯಾರ ದುಡ್ಡು ತಿನ್ನುತ್ತದೆ ಎಂಬುದನ್ನು ನೋಡದೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಅದಕ್ಕೆ ತಂಡದ ಪಟ್ಟಿಯನ್ನೇ ಕೈಗೆತ್ತಿಕೊಳ್ಳಬೇಕು. ಅಮೆರಿಕದಲ್ಲಿ ಕಾಲೇಜು ತಂಡಗಳ ಪಟ್ಟಿ ಯಾರು ಬೇಕಾದರೂ ನೋಡಬಹುದಾದ ದಾಖಲೆ. ಹೆಸರು, ಊರು, ಎತ್ತರ, ಎಡಗೈಯೋ ಬಲಗೈಯೋ, ಎಷ್ಟನೇ ವರ್ಷ, ಎಲ್ಲ ಅದರಲ್ಲಿರುತ್ತದೆ. ಯಾರಿಗೆ ಎಷ್ಟು ವಿದ್ಯಾರ್ಥಿವೇತನ ಎಂಬುದೊಂದು ಮಾತ್ರ ಇರುವುದಿಲ್ಲ. ತಂಡದ ನಿಜವಾದ ಕಥೆ ಆ ಬರೆಯದ ಅಂಕಣದಲ್ಲಿದೆ.

ಬೇಸ್‌ಬಾಲಿನಲ್ಲಿ ಮೈದಾನಕ್ಕಿಳಿಯುವವರು ಒಂಬತ್ತು ಜನ. ಆಗಿನ ಪಟ್ಟಿಯಲ್ಲಿ ಮೂವತ್ತೈದು ಹೆಸರು ಏಕೆ ಎಂದು ಕ್ರಿಕೆಟ್ ನೋಡಿ ಬೆಳೆದ ನಮಗೆ ಅಚ್ಚರಿಯಾಗುತ್ತದೆ. ಕಾರಣ ಚೆಂಡೆಸೆಯುವ ಪಿಚರ್. ಶುಕ್ರವಾರದ ಪಂದ್ಯದಲ್ಲಿ ನೂರು ಎಸೆತ ಎಸೆದವನ ತೋಳು ಮತ್ತೆ ಸಿದ್ಧವಾಗಲು ಹೆಚ್ಚುಕಡಿಮೆ ಒಂದು ವಾರ ಬೇಕು. ಫೆಬ್ರವರಿ ನಡುವಿನಿಂದ ಮೇ ಕೊನೆಯವರೆಗೆ ನಡೆಯುವ ಋತುವಿನಲ್ಲಿ ಒಂದು ತಂಡ 56 ಪಂದ್ಯಗಳ ತನಕ ಆಡಬಹುದು. ಶುಕ್ರವಾರ, ಶನಿವಾರ, ಭಾನುವಾರ ಒಂದೇ ಎದುರಾಳಿಯೊಂದಿಗೆ ಮೂರು ಪಂದ್ಯ. ನಡುವೆ ಮಂಗಳವಾರವೋ ಬುಧವಾರವೋ ಇನ್ನೊಂದು. ಹಾಗಾಗಿ ಪಟ್ಟಿಯ ಅರ್ಧದಷ್ಟು ಹೆಸರು ಪಿಚರ್‌ಗಳದ್ದೇ. ಉಳಿದವರಲ್ಲಿ ಮೂರು ನಾಲ್ಕು ಕ್ಯಾಚರ್‌ಗಳು. ಪಂದ್ಯದಲ್ಲಿ ಕೂರುವವನು ಒಬ್ಬನೇ ಆದರೂ ಅಭ್ಯಾಸದಲ್ಲಿ ಅಷ್ಟೂ ಪಿಚರ್‌ಗಳ ಚೆಂಡು ಹಿಡಿಯಲು ಕೈಗಳು ಬೇಕಲ್ಲ.

ಕಾಲೇಜು ಕ್ರೀಡೆಗಳನ್ನು ಆಳುವ ಎನ್‌ಸಿಎಎ ಸಂಸ್ಥೆ ಮೊದಲ ದರ್ಜೆಯ ಬೇಸ್‌ಬಾಲ್ ತಂಡಕ್ಕೆ ಗೊತ್ತುಮಾಡಿದ್ದ ವಿದ್ಯಾರ್ಥಿವೇತನದ ಮಿತಿ 11.7. ಮೊದಲು 13 ಇತ್ತು. 1990ರ ದಶಕದ ಆರಂಭದಲ್ಲಿ ಖರ್ಚು ಇಳಿಸಲು ಶೇ 10 ಕಡಿತ ಮಾಡಿದಾಗ ಈ ವಿಚಿತ್ರ ದಶಮಾಂಶ ಹುಟ್ಟಿತು. ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಆಗ 85 ಪೂರ್ಣ ವಿದ್ಯಾರ್ಥಿವೇತನಗಳಿದ್ದವು. 2008ರಿಂದ ಬಂದ ನಿಯಮದಂತೆ ಬೇಸ್‌ಬಾಲ್ ಪಟ್ಟಿಯಲ್ಲಿ 35 ಜನರಿಗಿಂತ ಹೆಚ್ಚು ಇರುವಂತಿರಲಿಲ್ಲ, 27 ಜನರಿಗಿಂತ ಹೆಚ್ಚು ಮಂದಿಗೆ ನೆರವು ಹಂಚುವಂತಿರಲಿಲ್ಲ; ನೆರವು ಪಡೆಯುವ ಪ್ರತಿಯೊಬ್ಬನಿಗೂ ಕನಿಷ್ಠ ಕಾಲು ಭಾಗವಾದರೂ ಸಿಗಬೇಕಿತ್ತು.

ಈಗ ಆ ಕಾಲದ ಕೋಚ್‌ನ ಮೇಜಿನ ಮುಂದೆ ಕುಳಿತು ಲೆಕ್ಕ ಹಾಕೋಣ. 27 ಜನರಿಗೆ ತಲಾ ಕಾಲು ಭಾಗ ಎಂದರೆ 6.75 ಹೋಯಿತು. ಉಳಿದದ್ದು 4.95. ಇದರಲ್ಲೇ ಗಂಟೆಗೆ 95 ಮೈಲಿ ವೇಗದಲ್ಲಿ ಎಸೆಯುವ ಪಿಚರನ್ನು ಒಲಿಸಬೇಕು, ಒಳ್ಳೆಯ ಶಾರ್ಟ್‌ಸ್ಟಾಪ್ ಫೀಲ್ಡರನ್ನು ಬೇರೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಡದಂತೆ ನೋಡಿಕೊಳ್ಳಬೇಕು, ಹೊರರಾಜ್ಯದ ಕ್ಯಾಚರ್‌ಗೆ ದುಬಾರಿ ಶುಲ್ಕದ ಹೊರೆ ತಗ್ಗಿಸಬೇಕು. ಒಬ್ಬನಿಗೆ ಮುಕ್ಕಾಲು ಕೊಟ್ಟರೆ ಇನ್ನಿಬ್ಬರಿಗೆ ಏರಿಸಬೇಕೆಂದಿದ್ದ ಪಾಲು ಅಲ್ಲಿಗೇ ಮುಗಿಯಿತು. ಸರಾಸರಿ ತೆಗೆದರೆ ತಲೆಗೆ ಶೇ 43. ಉಳಿದದ್ದನ್ನು ಕಟ್ಟುವವರು ಅಪ್ಪ ಅಮ್ಮ, ಇಲ್ಲವೇ ಬ್ಯಾಂಕಿನ ಸಾಲ. ಇಷ್ಟೂ ಹಂಚಿದ ಮೇಲೆ ಪಟ್ಟಿಯಲ್ಲಿ ಇನ್ನೂ ಎಂಟು ಜನ ಉಳಿಯುತ್ತಾರೆ. ಅವರಿಗೆ ಆಟದ ಲೆಕ್ಕದಲ್ಲಿ ಒಂದು ಡಾಲರೂ ಇಲ್ಲ. ಅಲ್ಲಿನವರು ಅವರನ್ನು ವಾಕ್-ಆನ್ ಎಂದು ಕರೆಯುತ್ತಾರೆ. ಪೂರ್ಣ ಶುಲ್ಕ ಕಟ್ಟಿ, ಬೆಳಿಗ್ಗೆ ಎಲ್ಲರ ಜೊತೆ ಎದ್ದು ಜಿಮ್‌ಗೆ ಹೋಗಿ, ಎಲ್ಲರಷ್ಟೇ ಬೆವರು ಸುರಿಸಿ, ಪಂದ್ಯದ ದಿನ ಬಸ್ಸಿನಲ್ಲಿ ಜಾಗವಿಲ್ಲದೆ ಹಿಂದೆ ಉಳಿಯುವವರೂ ಅವರೇ.

ಈ ಎಂಟು ಜನ ವಿಶ್ವವಿದ್ಯಾಲಯಕ್ಕೆ ಹೊರೆ ಅಲ್ಲ, ಅದಕ್ಕೆ ಹಣ ತರುವವರು. ಅವರು ಕಟ್ಟುವ ಶುಲ್ಕ ಬೊಕ್ಕಸಕ್ಕೆ ಸೇರುತ್ತದೆ. ಕಾಲು ಭಾಗ ನೆರವು ಪಡೆದವನೂ ಮುಕ್ಕಾಲು ಭಾಗವನ್ನು ತಾನೇ ಕಟ್ಟುತ್ತಾನೆ. ಹೀಗಾಗಿ 35 ಹುಡುಗರ ಬೇಸ್‌ಬಾಲ್ ತಂಡ ನಷ್ಟದಲ್ಲಿದೆ ಎಂದು ಲೆಕ್ಕಪತ್ರ ಹೇಳಿದಾಗ ಆ ಹುಡುಗರ ಮನೆಯವರು ಕಟ್ಟಿದ ಶುಲ್ಕ ಆ ಲೆಕ್ಕದಲ್ಲಿ ಸೇರಿರುವುದಿಲ್ಲ. ಅದು ಬೇರೆ ಖಾತೆ. ಬೇಸ್‌ಬಾಲ್‌ನಂಥ ಆಟಗಳನ್ನು ಕೈಬಿಡುವಾಗ ಆಡಳಿತಗಳು ಈ ಎರಡು ಖಾತೆಗಳನ್ನು ಒಟ್ಟಿಗೆ ಇಟ್ಟು ನೋಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ವಿದ್ಯಾರ್ಥಿವೇತನದ ಸ್ವರೂಪದ ಬಗ್ಗೆಯೂ ಒಂದು ಮಾತು. ನಮ್ಮಲ್ಲಿ ಸಿಇಟಿಯ ಕ್ರೀಡಾ ಕೋಟಾದ ಸೀಟು ಈಗಾಗಲೇ ಗೆದ್ದ ಪದಕಗಳಿಗೆ ಸಿಗುವ ಮನ್ನಣೆ. ಅಲ್ಲಿ ವಿದ್ಯಾರ್ಥಿವೇತನ ಮುಂದೆ ಆಡಬೇಕಾದ ಆಟಕ್ಕೆ ಕೊಡುವ ಮುಂಗಡ. 1973ರಿಂದ ನಾಲ್ಕು ದಶಕದ ಕಾಲ ಅದನ್ನು ಒಂದೊಂದೇ ವರ್ಷಕ್ಕೆ ಕೊಡುತ್ತಿದ್ದರು. ಮುಂದಿನ ವರ್ಷ ನವೀಕರಿಸುವುದು ಬಿಡುವುದು ಕೋಚ್‌ನ ಕೈಯಲ್ಲಿತ್ತು. 2012ರ ನಂತರವೇ ಹಲವು ವರ್ಷಗಳ ಭರವಸೆ ಕೊಡಲು ಅವಕಾಶವಾದದ್ದು.

ತಂಡವನ್ನು ನಡೆಸುವವರ ಸಾಲಿನಲ್ಲೂ ಕೊನೆಯ ಹೆಸರೊಂದಿತ್ತು. ಮುಖ್ಯ ಕೋಚ್, ಸಂಬಳ ಪಡೆಯುವ ಇಬ್ಬರು ಸಹಾಯಕರು, ಒಬ್ಬ ಸ್ವಯಂಸೇವಕ ಕೋಚ್ – ದಶಕಗಳ ಕಾಲ ನಿಯಮ ಒಪ್ಪುತ್ತಿದ್ದುದು ಇಷ್ಟೇ. ಒಬ್ಬ ಸಹಾಯಕ ಪಿಚರ್‌ಗಳನ್ನು ನೋಡಿಕೊಂಡರೆ ಇನ್ನೊಬ್ಬ ಬ್ಯಾಟಿಂಗ್ ಕಲಿಸುತ್ತ, ಬೇಸಿಗೆಯೆಲ್ಲ ಊರೂರು ಸುತ್ತಿ ಹೈಸ್ಕೂಲು ಹುಡುಗರನ್ನು ಹುಡುಕುತ್ತಿದ್ದ. ಸ್ವಯಂಸೇವಕ ಎನಿಸಿಕೊಂಡವನದ್ದು ಮಾತ್ರ ವಿಚಿತ್ರ ಸ್ಥಿತಿ. ಕೆಲಸ ಪೂರ್ಣಾವಧಿಯದ್ದು, ಅಭ್ಯಾಸದ ಚೆಂಡು ಎಸೆಯುವುದರಿಂದ ಹಿಡಿದು ಫಸ್ಟ್ ಬೇಸ್ ಬಳಿ ನಿಂತು ಸನ್ನೆ ಮಾಡುವ ತನಕ, ಸಂಬಳ ಸೊನ್ನೆ. ಬೇಸಿಗೆಯಲ್ಲಿ ಮಕ್ಕಳಿಗೆ ಶಿಬಿರ ನಡೆಸಿ ಬಂದ ದುಡ್ಡಿನಲ್ಲಿ ವರ್ಷ ತಳ್ಳಬೇಕು. ಮೂರನೇ ಸಹಾಯಕನಿಗೂ ಸಂಬಳ ಕೊಡೋಣ ಎಂಬ ಪ್ರಸ್ತಾವ 2019ರಲ್ಲಿ ಎನ್‌ಸಿಎಎ ಮತದಾನದಲ್ಲಿ ಬಿದ್ದುಹೋಯಿತು. 2023ರ ಜುಲೈಯಲ್ಲಿ ಆ ಹುದ್ದೆಯನ್ನೇ ತೆಗೆದು, ಮುಖ್ಯ ಕೋಚ್ ಜೊತೆ ಮೂವರು ಸಹಾಯಕರಿಗೂ ಸಂಬಳ ಕೊಡಬಹುದು ಎಂದು ನಿಯಮ ಬದಲಾಯಿತು. ಹಳೆಯ ಸ್ವಯಂಸೇವಕರು ಕೋರ್ಟಿಗೆ ಹೋದರು. ಅವರಿಗೆ ಪರಿಹಾರ ಕೊಡಲು ಎನ್‌ಸಿಎಎ ಒಪ್ಪಬೇಕಾಯಿತು. ಇಷ್ಟು ವರ್ಷ ಪುಕ್ಕಟೆ ದುಡಿಸಿಕೊಂಡದ್ದನ್ನು ಸ್ವಯಂಸೇವೆ ಎಂದು ಕರೆದದ್ದು ತಪ್ಪು. ಅದು ಸರಿಹೋಗಲು ಕೋರ್ಟಿನ ಮೆಟ್ಟಿಲೇ ಬೇಕಾದದ್ದು ಬೇಸರದ ಸಂಗತಿ.

ಉಳಿದ ಖರ್ಚುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಒಂದು ಒಳ್ಳೆಯ ಲೋಹದ ಬ್ಯಾಟಿಗೆ ನಾನೂರು ಐನೂರು ಡಾಲರ್. ಅಂಪೈರುಗಳ ಸಂಭಾವನೆ, ಹುಲ್ಲು ಮಣ್ಣಿನ ಆರೈಕೆ, ಫಿಸಿಯೊ, ಹೋಟೆಲು, ವಿಮಾನ. ಮಿನ್ನೆಸೋಟ, ಮಿಶಿಗನ್‌ನಂಥ ಉತ್ತರದ ರಾಜ್ಯಗಳಲ್ಲಿ ಫೆಬ್ರವರಿಯಲ್ಲಿ ನೆಲ ಹಿಮದಡಿ ಇರುತ್ತದೆ; ಅಲ್ಲಿನ ತಂಡಗಳು ಮೊದಲ ಕೆಲವು ವಾರ ದಕ್ಷಿಣಕ್ಕೆ ಹಾರಿ ಪರರ ಮೈದಾನದಲ್ಲೇ ಆಡಬೇಕು. ಕಾಲೇಜು ಬೇಸ್‌ಬಾಲಿನಲ್ಲಿ ಬಿಸಿಲಿನ ರಾಜ್ಯಗಳ ಮೇಲುಗೈಗೆ ಇದೂ ಒಂದು ಕಾರಣ. ಟಿಕೆಟ್ ಮಾರಿ ಖರ್ಚು ಹುಟ್ಟಿಸುವ ತಂಡಗಳು ಲೂಸಿಯಾನ, ಮಿಸಿಸಿಪ್ಪಿ, ಅರ್ಕಾನ್ಸಾಗಳ ಕಡೆ ಬೆರಳೆಣಿಕೆಯಷ್ಟಿವೆ. ಮೊದಲ ದರ್ಜೆಯ ಸುಮಾರು 300 ತಂಡಗಳಲ್ಲಿ ಬಹುಪಾಲಿಗೆ ಅದು ಸಾಧ್ಯವಿಲ್ಲ.

ಓದಿನ ವಿಷಯಕ್ಕೆ ಬಂದರೆ ಬೇಸ್‌ಬಾಲ್ ಆಡುವ ಹುಡುಗನಿಗೆ ಇರುವಷ್ಟು ಇಕ್ಕಟ್ಟು ಬೇರೆ ಆಟದಲ್ಲಿ ಕಡಿಮೆ. ಫುಟ್‌ಬಾಲ್ ವಾರಕ್ಕೊಂದು ಪಂದ್ಯದ ಆಟ. ಇದು ನಾಲ್ಕು ಪಂದ್ಯದ್ದು. ಹೊರ ಊರಿನ ಸರಣಿ ಇದ್ದರೆ ಗುರುವಾರವೇ ಹೊರಡಬೇಕು. ಗುರುವಾರ ಮಧ್ಯಾಹ್ನದ ಲ್ಯಾಬ್, ಶುಕ್ರವಾರದ ತರಗತಿ ಎರಡೂ ಹೋದವು. ಭಾನುವಾರ ರಾತ್ರಿ ವಿಮಾನ ಇಳಿದು ಸೋಮವಾರ ಬೆಳಿಗ್ಗೆ ಟೆಸ್ಟು ಬರೆಯಬೇಕು. ಋತು ಪೂರ್ತಿ ಬೀಳುವುದು ಎರಡನೇ ಸೆಮಿಸ್ಟರಿನಲ್ಲಿ. ಸೆಮಿಸ್ಟರ್ ಪರೀಕ್ಷೆಯ ದಿನಗಳಲ್ಲೇ ಋತುವಿನ ನಿರ್ಣಾಯಕ ಪಂದ್ಯಗಳು. ಆಟಕ್ಕೆ ಸಂಬಂಧಿಸಿದ ಕೆಲಸ ವಾರಕ್ಕೆ 20 ಗಂಟೆ ಮೀರಬಾರದು ಎಂಬ ನಿಯಮವೇನೋ ಇದೆ. ಆದರೆ ಪ್ರಯಾಣದ ಸಮಯ ಅದರಲ್ಲಿ ಸೇರುವುದಿಲ್ಲ, ಚಿಕಿತ್ಸೆಯ ಸಮಯವೂ ಸೇರುವುದಿಲ್ಲ.

ಇದನ್ನು ಹಿಡಿತದಲ್ಲಿಡಲು ಎನ್‌ಸಿಎಎ ಅಂಕ ಹಾಕುವ ಪದ್ಧತಿ ತಂದಿದೆ. ನೆರವು ಪಡೆಯುವ ಪ್ರತಿ ಆಟಗಾರನಿಗೂ ಸೆಮಿಸ್ಟರಿಗೆ ಎರಡು ಅಂಕ: ಓದಿನಲ್ಲಿ ಅರ್ಹನಾಗಿ ಉಳಿದರೆ ಒಂದು, ಅದೇ ವಿಶ್ವವಿದ್ಯಾಲಯದಲ್ಲಿ ಉಳಿದರೆ ಇನ್ನೊಂದು. 27 ಆಟಗಾರರೆಂದರೆ ವರ್ಷಕ್ಕೆ 108 ಅಂಕ. ಬಂದ ಅಂಕವನ್ನು 108ರಿಂದ ಭಾಗಿಸಿ ಸಾವಿರದಿಂದ ಗುಣಿಸಬೇಕು. ನಾಲ್ಕು ವರ್ಷದ ಸರಾಸರಿ 930 ಮುಟ್ಟದಿದ್ದರೆ ಋತುವಿನ ಕೊನೆಯ ಟೂರ್ನಿಯಲ್ಲಿ ಆಡುವಂತಿಲ್ಲ. 101 ಅಂಕ ಬಂದರೆ 935, 100 ಬಂದರೆ 926. ಅಂದರೆ ವರ್ಷಕ್ಕೆ ಏಳು ಅಂಕ ಕಳೆದುಕೊಂಡರೆ ಬಚಾವು, ಎಂಟಾದರೆ ಅಪಾಯ. ಫೇಲಾಗಿ ಕಾಲೇಜು ಬಿಟ್ಟು ಹೋದ ಒಬ್ಬನೇ ಎರಡು ಅಂಕ ಒಯ್ಯುತ್ತಾನೆ. ಅಂಥ ನಾಲ್ವರು ಸಾಕು.

ಈ ಪದ್ಧತಿ ಬಂದಾಗ ಹಿಂದೆ ಬಿದ್ದ ಆಟಗಳಲ್ಲಿ ಬೇಸ್‌ಬಾಲೂ ಇತ್ತು. ಕಾರಣ ಹುಡುಗರ ಸೋಮಾರಿತನವಲ್ಲ. ನೆರವಿನ ಪಾಲು ಎಷ್ಟು ಚಿಕ್ಕದಾಗಿತ್ತೆಂದರೆ, ಐದು ಪರ್ಸೆಂಟ್ ಹತ್ತು ಪರ್ಸೆಂಟ್ ಕೊಟ್ಟು ಐವತ್ತು ಹುಡುಗರನ್ನು ಸೇರಿಸಿಕೊಂಡು ಸೆಪ್ಟೆಂಬರಿನ ಅಭ್ಯಾಸದಲ್ಲಿ ಜರಡಿ ಹಿಡಿದು ಉಳಿದವರನ್ನು ಕಳಿಸಿಬಿಡುವುದು ಕೆಲವೆಡೆ ರೂಢಿಯಾಗಿತ್ತು. ಹೋದವರು ಇನ್ನೊಂದು ಕಾಲೇಜಿಗೆ ಅಲೆದರು; ಅಲೆದವರ ಕ್ರೆಡಿಟ್‌ಗಳು ಕಳೆದುಹೋದವು. ಕಾಲು ಭಾಗದ ಕನಿಷ್ಠ ನೆರವು, 35ರ ಮಿತಿ, ವರ್ಗವಾಗಿ ಹೋದರೆ ಒಂದು ವರ್ಷ ಆಡುವಂತಿಲ್ಲ ಎಂಬ ಆಗಿನ ನಿರ್ಬಂಧ – ಇವೆಲ್ಲ ಒಟ್ಟಿಗೆ ಬಂದದ್ದು ಅದಕ್ಕೇ. ಹುಡುಗರ ಓದನ್ನು ಸರಿಪಡಿಸಲು ಪಟ್ಟಿಯನ್ನೂ ಹಣವನ್ನೂ ಸರಿಪಡಿಸಬೇಕಾಯಿತು. ಇದರ ಜೊತೆಗೆ ಎರಡನೇ ವರ್ಷದ ಕೊನೆಗೆ ಪದವಿಯ ಶೇ 40, ಮೂರನೆಯದರ ಕೊನೆಗೆ ಶೇ 60, ನಾಲ್ಕನೆಯದರ ಕೊನೆಗೆ ಶೇ 80 ಮುಗಿಸಿರಬೇಕು ಎಂಬ ನಿಯಮವೂ ಇದೆ. ಮಧ್ಯದಲ್ಲಿ ವಿಷಯ ಬದಲಿಸಿದವನಿಗೆ ಇದು ದೊಡ್ಡ ತಲೆನೋವು. ಮೂರನೇ ವರ್ಷ ಮುಗಿದ ಕೂಡಲೇ ವೃತ್ತಿಪರ ತಂಡಗಳು ಡ್ರಾಫ್ಟಿನಲ್ಲಿ ಆರಿಸಿಕೊಳ್ಳಬಹುದಾದ್ದರಿಂದ ಅತಿ ಪ್ರತಿಭಾವಂತರು ಪದವಿ ಕೈಗೆ ಬರುವ ಮೊದಲೇ ಹೊರಟುಬಿಡುತ್ತಾರೆ.

ಓದನ್ನೇ ಮುಂದಿಟ್ಟು ತಂಡ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಅದೇ ರಾಜ್ಯದ ಪ್ಯಾಸಡೀನಾದಲ್ಲಿ ಕ್ಯಾಲ್‌ಟೆಕ್ ಇದೆ. ಎನ್‌ಸಿಎಎಯ ಮೂರನೇ ದರ್ಜೆಯಲ್ಲಿ ಆಡುವ ಸಂಸ್ಥೆ ಅದು. ಆ ದರ್ಜೆಯಲ್ಲಿ ಆಟಕ್ಕೆಂದು ವಿದ್ಯಾರ್ಥಿವೇತನವೇ ಇಲ್ಲ. ಕ್ಯಾಲ್‌ಟೆಕ್‌ನ ಪ್ರವೇಶದಲ್ಲಿ ರಿಯಾಯಿತಿಯೂ ಇಲ್ಲ. 2003ರಿಂದ 2013ರ ತನಕ ಅದರ ಬೇಸ್‌ಬಾಲ್ ತಂಡ ಸತತ 228 ಪಂದ್ಯ ಸೋತಿತು. 2013ರ ಫೆಬ್ರವರಿ 2ರಂದು ಪೆಸಿಫಿಕಾ ಕಾಲೇಜಿನ ಎದುರು 9-7ರಿಂದ ಗೆದ್ದಾಗ ದೇಶದ ಪತ್ರಿಕೆಗಳು ಅದನ್ನು ಸುದ್ದಿ ಮಾಡಿದವು. ನನ್ನನ್ನು ತಟ್ಟಿದ್ದು ಆ ಗೆಲುವಿಗಿಂತ ಅದರ ಹಿಂದಿನ ಹತ್ತು ವರ್ಷ. ಭೌತಶಾಸ್ತ್ರದ ಲೆಕ್ಕಗಳ ನಡುವೆ ಸಮಯ ಮಾಡಿಕೊಂಡು, ಸೋಲುತ್ತೇವೆ ಎಂದು ಗೊತ್ತಿದ್ದೂ ಪ್ರತಿ ವಸಂತದಲ್ಲಿ ಮೈದಾನಕ್ಕಿಳಿದ ಆ ಹುಡುಗರಿಗೆ ಆಟ ಬೇಕಿತ್ತು, ಅಷ್ಟೇ. ಅಂಥ ತಂಡವನ್ನು ಮುಚ್ಚದೆ ಉಳಿಸಿಕೊಂಡ ಸಂಸ್ಥೆಯ ಬಗ್ಗೆ ನನಗೆ ಗೌರವವಿದೆ.

ಬರ್ಕ್ಲಿಯ ಕಥೆ ಹೀಗೆ ಮುಂದುವರಿಯಿತು. ಪ್ರಕಟಣೆಯ ನಂತರ ಕೋಚ್ ಡೇವಿಡ್ ಎಸ್ಕ್ವೆರ್ ತಮ್ಮ ಹುಡುಗರಿಗೆ ಬೇರೆ ವಿಶ್ವವಿದ್ಯಾಲಯ ಹುಡುಕಿಕೊಳ್ಳುವ ಸ್ವಾತಂತ್ರ್ಯ ಕೊಟ್ಟರು. ಆದರೂ ತಂಡ ಒಡೆಯದೆ ಆ ಕೊನೆಯ ಋತು ಆಡಲು ನಿಂತಿತು. ಹಳೆಯ ಆಟಗಾರರೂ ವಕೀಲರೂ ಆದ ಸ್ಟೂ ಗಾರ್ಡನ್ ಮುಂದಾಳತ್ವದಲ್ಲಿ ದೇಣಿಗೆ ಸಂಗ್ರಹ ಶುರುವಾಯಿತು. 2011ರ ಫೆಬ್ರವರಿಯಲ್ಲಿ ರಗ್ಬಿ, ಮಹಿಳೆಯರ ಜಿಮ್ನಾಸ್ಟಿಕ್ಸ್, ಲಕ್ರಾಸ್ ಮೂರೂ ಉಳಿದವು, ಬೇಸ್‌ಬಾಲ್ ಉಳಿಯಲಿಲ್ಲ. ಇದರ ಹಿಂದೆ 1972ರ ಟೈಟಲ್ ನೈನ್ ಕಾನೂನಿನ ಲೆಕ್ಕವೂ ಇತ್ತು. ಶಿಕ್ಷಣದಲ್ಲಿ ಹೆಣ್ಣು ಗಂಡೆಂಬ ಭೇದ ಮಾಡಬಾರದು ಎನ್ನುವ ಆ ಕಾನೂನನ್ನು ಪಾಲಿಸಲು ಮೂರು ದಾರಿಗಳಿವೆ. ಮಹಿಳೆಯರ ಆಸಕ್ತಿಗೆ ತಕ್ಕಷ್ಟು ಅವಕಾಶ ಕೊಟ್ಟಿದ್ದೇವೆ ಎಂದು ತೋರಿಸುವುದು ಒಂದು. ಇರುವ ಮಹಿಳಾ ತಂಡವನ್ನೇ ಮುಚ್ಚಿದ ವಿಶ್ವವಿದ್ಯಾಲಯ ಆ ಮಾತು ಹೇಳುವಂತಿಲ್ಲ. ಆಗ ಉಳಿಯುವ ಸರಳ ದಾರಿ, ವಿದ್ಯಾರ್ಥಿ ವಿದ್ಯಾರ್ಥಿನಿಯರ ಅನುಪಾತಕ್ಕೆ ಸರಿಯಾಗಿ ಆಟಗಾರರ ಸಂಖ್ಯೆಯನ್ನು ಹೊಂದಿಸುವುದು. ಹಾಗೆ ಮಾಡಲು ಹೊರಟರೆ ಮೊದಲು ಕತ್ತರಿ ಬೀಳುವುದು ದೊಡ್ಡ ಪಟ್ಟಿಯ ಪುರುಷರ ತಂಡಗಳಿಗೆ. ಬೇಸ್‌ಬಾಲ್ ಹುಡುಗರ ಹಣೆಬರಹ ಹೀಗೆ ಜಿಮ್ನಾಸ್ಟಿಕ್ಸ್ ಹುಡುಗಿಯರ ಜೊತೆ ಹೆಣೆದುಕೊಂಡಿತ್ತು. ಮಹಿಳೆಯರ ತಂಡಗಳು ಉಳಿದದ್ದೇ ಬೇಸ್‌ಬಾಲಿನ ದಾರಿಯೂ ಅರ್ಧ ತೆರೆಯಿತು. ಟೈಟಲ್ ನೈನ್‌ನಿಂದಾಗಿ ಪುರುಷರ ಆಟ ಸಾಯುತ್ತಿದೆ ಎಂದು ಗೊಣಗುವವರು ಈ ಪ್ರಸಂಗವನ್ನು ಒಮ್ಮೆ ಓದಬೇಕು.

ಅದೇ ದಿನಗಳಲ್ಲಿ ಬರ್ಕ್ಲಿಯ ಫುಟ್‌ಬಾಲ್ ಕ್ರೀಡಾಂಗಣವನ್ನು 32.1 ಕೋಟಿ ಡಾಲರ್ ವೆಚ್ಚದಲ್ಲಿ, ಬಹುಪಾಲು ಸಾಲದ ಹಣದಲ್ಲಿ, ನವೀಕರಿಸುವ ಕೆಲಸ ಆರಂಭವಾಯಿತು. ಕ್ರೀಡಾಂಗಣದ ಅಡಿಯಲ್ಲೇ ಹೇವರ್ಡ್ ಎಂಬ ಭೂಕಂಪದ ಬಿರುಕು ಹಾದುಹೋಗಿರುವುದರಿಂದ ಅದು ಬೇಕಾಗಿಯೂ ಇತ್ತು. ಆದರೆ ವರ್ಷಕ್ಕೆ 40 ಲಕ್ಷ ಉಳಿಸಲು ಐದು ತಂಡಗಳ ಮೇಲೆ ಕೈಯಿಟ್ಟ ಆಡಳಿತ ಅಷ್ಟು ದೊಡ್ಡ ಸಾಲದ ಭಾರ ಹೊರಲು ಸಿದ್ಧವಾದದ್ದನ್ನು ನೋಡಿದರೆ, ಉಳಿತಾಯದ ಮಾತು ಯಾರ ಕಡೆ ಬೊಟ್ಟು ಮಾಡುತ್ತದೆ ಎಂಬುದು ತಿಳಿಯುತ್ತದೆ.

2011ರ ಏಪ್ರಿಲ್ 8ರಂದು, ಋತು ಅರ್ಧ ಮುಗಿದಿದ್ದಾಗ, ಸುಮಾರು 90 ಲಕ್ಷ ಡಾಲರುಗಳ ವಾಗ್ದಾನ ಕೂಡಿತು. ಗುರಿ ಒಂದು ಕೋಟಿ. ತಂಡ ಉಳಿಯುತ್ತದೆ ಎಂದು ವಿಶ್ವವಿದ್ಯಾಲಯ ಘೋಷಿಸಿತು. ಋತುವಿನ ಕೊನೆಯ ಟೂರ್ನಿಯಲ್ಲಿ, ಹೂಸ್ಟನ್ನಿನಲ್ಲಿ ನಡೆದ ಪ್ರಾದೇಶಿಕ ಸುತ್ತಿನ ಮೊದಲ ಪಂದ್ಯದಲ್ಲೇ ಬರ್ಕ್ಲಿ ಬೇಲರ್ ತಂಡದ ಎದುರು ಸೋತಿತು. ಅಲ್ಲಿಂದ ಮುಂದೆ ಒಂದು ಪಂದ್ಯ ಸೋತರೂ ಮನೆಗೆ. ಗೆಲ್ಲುತ್ತ ಬಂದು ಮತ್ತೆ ಬೇಲರ್ ಎದುರೇ ನಿಂತರು. ನಿರ್ಣಾಯಕ ಪಂದ್ಯದ ಕೊನೆಯ, ಒಂಬತ್ತನೇ ಇನಿಂಗ್ಸಿಗೆ ಬಂದಾಗ ಬರ್ಕ್ಲಿ ಮೂರು ರನ್ ಹಿಂದಿತ್ತು. ಆ ಇನಿಂಗ್ಸಿನಲ್ಲಿ ನಾಲ್ಕು ರನ್ ಬಂದವು. ಕೊನೆಯ ಎರಡು ಡೆವನ್ ರೊಡ್ರಿಗೆಜ್ ಬ್ಯಾಟಿನಿಂದ. 9-8. ಮುಂದಿನ ಸುತ್ತಿಗೆ ಆತಿಥ್ಯ ವಹಿಸುವ ಸರದಿ ಬರ್ಕ್ಲಿಯದು. ಆದರೆ ಅವರ ಎವಾನ್ಸ್ ಡೈಮಂಡ್ ಮೈದಾನದಲ್ಲಿ ರಾತ್ರಿ ಆಡಲು ದೀಪಗಳೇ ಇರಲಿಲ್ಲ. ಸಾಂಟಾ ಕ್ಲಾರಾದ ಮೈದಾನವನ್ನು ಎರವಲು ಪಡೆದು ಆಡಿ ಗೆದ್ದರು. ಜೂನಿನಲ್ಲಿ ಒಮಾಹಾ ನಗರದಲ್ಲಿ, ಕಾಲೇಜ್ ವರ್ಲ್ಡ್ ಸೀರೀಸಿನ ಎಂಟು ತಂಡಗಳಲ್ಲಿ ಒಂದಾಗಿ, ಮುಚ್ಚಬೇಕಿದ್ದ ಆ ತಂಡ ನಿಂತಿತ್ತು. ಟೆಕ್ಸಸ್ ಎ ಅಂಡ್ ಎಂ ಎದುರು ಗೆದ್ದು, ವರ್ಜೀನಿಯಾ ಎದುರು ಎರಡು ಬಾರಿ ಸೋತು ಹಿಂದಿರುಗಿತು.

ಆ ತಂಡದ ಶಾರ್ಟ್‌ಸ್ಟಾಪ್ ಮಾರ್ಕಸ್ ಸೆಮಿಯೆನ್ ಆ ವರ್ಷದ ಡ್ರಾಫ್ಟಿನಲ್ಲಿ ಆಯ್ಕೆಯಾದದ್ದು ಆರನೇ ಸುತ್ತಿನಲ್ಲಿ. ಹತ್ತು ವರ್ಷದ ನಂತರ ಟೆಕ್ಸಸ್ ರೇಂಜರ್ಸ್ ಅವರೊಂದಿಗೆ ಏಳು ವರ್ಷಕ್ಕೆ 17.5 ಕೋಟಿ ಡಾಲರುಗಳ ಕರಾರು ಮಾಡಿಕೊಂಡಿತು. 2023ರಲ್ಲಿ ವರ್ಲ್ಡ್ ಸೀರೀಸ್ ಗೆದ್ದ ತಂಡದಲ್ಲಿ ಅವರಿದ್ದರು. ಮುಚ್ಚಿಹೋಗಿದ್ದರೆ ಬರ್ಕ್ಲಿಗೆ ಆಡಲು ಸಾಧ್ಯವೇ ಇರದಿದ್ದ ಆಂಡ್ರ್ಯೂ ವಾನ್ 2018ರಲ್ಲಿ ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಸಲ್ಲುವ ಗೋಲ್ಡನ್ ಸ್ಪೈಕ್ಸ್ ಪ್ರಶಸ್ತಿ ಪಡೆದರು. ಮರುವರ್ಷ ಶಿಕಾಗೊ ವೈಟ್ ಸಾಕ್ಸ್ ಸಹಿ ಹಾಕಿದ್ದಕ್ಕೇ ಅವರಿಗೆ ಕೊಟ್ಟದ್ದು ಸುಮಾರು 72 ಲಕ್ಷ ಡಾಲರ್. ಆದರೆ ಅದರಲ್ಲಿ ಒಂದು ಡಾಲರೂ ಬೆಳೆಸಿದ ವಿಶ್ವವಿದ್ಯಾಲಯಕ್ಕೆ ಬರುವುದಿಲ್ಲ.

ದಾನಿಗಳು ಉಳಿಸಿಕೊಟ್ಟರು ಎಂದು ಸಂತೋಷಪಡುವುದು ಸರಿಯೇ. ಆದರೂ ದಾನದ ಮೇಲೆ ನಿಂತ ತಂಡಕ್ಕೆ ಭದ್ರತೆ ಕಡಿಮೆ. 2020ರಲ್ಲಿ ಕೋವಿಡ್ ಬಂದಾಗ ಫರ್ಮನ್, ಬಾಯ್ಸಿ ಸ್ಟೇಟ್, ಬೋಲಿಂಗ್ ಗ್ರೀನ್ ವಿಶ್ವವಿದ್ಯಾಲಯಗಳು ಬೇಸ್‌ಬಾಲ್ ಕೈಬಿಟ್ಟವು. ಬೋಲಿಂಗ್ ಗ್ರೀನ್‌ನ ಹಳೆಯ ವಿದ್ಯಾರ್ಥಿಗಳು ಕೆಲವೇ ವಾರದಲ್ಲಿ 15 ಲಕ್ಷ ಡಾಲರ್ ಕೂಡಿಸಿ ತಂಡ ಉಳಿಸಿಕೊಂಡರು. ಉಳಿದೆರಡು ಕಡೆ ಹಾಗಾಗಲಿಲ್ಲ. ಸಿರಿವಂತ ಹಳೆಯ ವಿದ್ಯಾರ್ಥಿಗಳಿರುವ ಕಡೆ ಆಟ ಉಳಿಯುತ್ತದೆ, ಇಲ್ಲದ ಕಡೆ ಇಲ್ಲ ಎನ್ನುವುದು ವಿಶ್ವವಿದ್ಯಾಲಯ ನಡೆಸುವ ರೀತಿಯಲ್ಲ.

2025ರ ಜೂನ್ 6ರಂದು ಈ ಇಡೀ ವ್ಯವಸ್ಥೆ ತಲೆಕೆಳಗಾಯಿತು. ಬರ್ಕ್ಲಿಗೆ ಹೊಂದಿಕೊಂಡಂತಿರುವ ಓಕ್ಲೆಂಡಿನ ಫೆಡರಲ್ ನ್ಯಾಯಾಧೀಶೆ, ಬರ್ಕ್ಲಿಯಲ್ಲೇ ಕಾನೂನು ಓದಿದ ಕ್ಲಾಡಿಯಾ ವಿಲ್ಕನ್, ಆಟಗಾರರು ಎನ್‌ಸಿಎಎ ವಿರುದ್ಧ ಹೂಡಿದ್ದ ಹೌಸ್ ಪ್ರಕರಣದ ಒಪ್ಪಂದಕ್ಕೆ ಅಂಗೀಕಾರ ಕೊಟ್ಟರು. ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದಾಯಿತು; ಮೊದಲ ವರ್ಷಕ್ಕೆ ಒಂದು ವಿಶ್ವವಿದ್ಯಾಲಯದ ಮಿತಿ 2 ಕೋಟಿ 5 ಲಕ್ಷ ಡಾಲರ್. ಹಿಂದಿನ ಆಟಗಾರರಿಗೆ ಹತ್ತು ವರ್ಷದಲ್ಲಿ ಸುಮಾರು 280 ಕೋಟಿ ಡಾಲರ್ ಪರಿಹಾರ. ಒಪ್ಪಂದಕ್ಕೆ ಸೇರಿದ ವಿಶ್ವವಿದ್ಯಾಲಯಗಳಲ್ಲಿ 11.7ರ ಮಿತಿ ಹೋಯಿತು. ಬೇಸ್‌ಬಾಲ್ ಪಟ್ಟಿಯಲ್ಲಿ 34 ಜನರಿರಬಹುದು, ಬೇಕಿದ್ದರೆ 34 ಜನರಿಗೂ ಪೂರ್ಣ ವಿದ್ಯಾರ್ಥಿವೇತನ ಕೊಡಬಹುದು. ದುಡ್ಡಿದ್ದವರು ಕೊಡುತ್ತಾರೆ. ಇಲ್ಲದವರ ಪಟ್ಟಿಯಲ್ಲಿ ಹಳೆಯ ಹಂಚಿಕೆಯೇ ಮುಂದುವರಿಯುತ್ತದೆ.

ಕೋವಿಡ್ ಕಾಲದಲ್ಲಿ 40ರ ತನಕ ಹಿಗ್ಗಿದ್ದ ಪಟ್ಟಿ 34ಕ್ಕೆ ಇಳಿದಾಗ ಹೋದವರು ಯಾರು? ತಂಡದಿಂದ ಏನನ್ನೂ ಪಡೆಯದೆ ಅಲ್ಲಿದ್ದವರು. ಕೊನೆಯ ಹೆಸರುಗಳು. ಒಪ್ಪಂದಕ್ಕೆ ಇನ್ನೂ ಮುದ್ರೆ ಬೀಳುವ ಮುನ್ನವೇ ಎಷ್ಟೋ ತಂಡಗಳಲ್ಲಿ ಕೋಚ್‌ಗಳು ಅವರನ್ನು ಕರೆದು ಜಾಗವಿಲ್ಲ ಎಂದಿದ್ದರು. ಇದನ್ನು ಗಮನಿಸಿದ ವಿಲ್ಕನ್ ಒಪ್ಪಂದವನ್ನೇ ತಡೆಹಿಡಿದರು. ಹಾಗೆ ಜಾಗ ಕಳೆದುಕೊಂಡವರನ್ನು ಮಿತಿಯ ಹೊರಗಿಟ್ಟು ಮತ್ತೆ ಸೇರಿಸಿಕೊಳ್ಳಲು ಅವಕಾಶ ಕೊಟ್ಟ ಮೇಲೆಯೇ ಸಹಿ ಹಾಕಿದರು. ಸೇರಿಸಿಕೊಳ್ಳಲೇಬೇಕು ಎಂಬ ಕಡ್ಡಾಯ ಮಾತ್ರ ಇಲ್ಲ.

ಇನ್ನೊಂದು ಕಡೆ ಪ್ರಯಾಣ ಬೆಳೆಯಿತು. ಪೆಸಿಫಿಕ್ ತೀರದ ಹಳೆಯ ಕೂಟ ಒಡೆದುಹೋದ ಮೇಲೆ ಬರ್ಕ್ಲಿ, ಸ್ಟ್ಯಾನ್‌ಫರ್ಡ್ ಎರಡೂ 2024ರಿಂದ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸಿನಲ್ಲಿ ಆಡುತ್ತಿವೆ. ಎದುರಾಳಿಗಳು ಬಾಸ್ಟನ್, ಉತ್ತರ ಕ್ಯಾರೊಲಿನಾ, ಮಯಾಮಿಗಳಲ್ಲಿದ್ದಾರೆ. ಮೂರು ತಾಸಿನ ಕಾಲವ್ಯತ್ಯಾಸ, ಇಡೀ ದೇಶ ದಾಟುವ ವಿಮಾನ. ಟಿವಿ ಹಣಕ್ಕಾಗಿ, ಫುಟ್‌ಬಾಲಿಗಾಗಿ ಮಾಡಿಕೊಂಡ ಏರ್ಪಾಡು ಇದು. ಆ ಹಣದಲ್ಲೂ ಇವರಿಗೆ ಮೊದಲ ಏಳು ವರ್ಷ ಸಿಗುವುದು ಪೂರ್ಣ ಪಾಲಿನ ಶೇ 30 ಮಾತ್ರ. ಗುರುವಾರ ತಪ್ಪುವ ಲ್ಯಾಬಿನ ಲೆಕ್ಕವನ್ನು ಆ ಕರಾರಿನಲ್ಲಿ ಯಾರೂ ಬರೆದಿಲ್ಲ.

ಮೇಲ್ತುದಿಯಲ್ಲಿ ಆಟಕ್ಕೆ ಹೊಳಪು ಬಂದಿದೆ, ನಿಜ. ಏರ್ ಫೋರ್ಸ್ ಅಕಾಡೆಮಿಯಿಂದ ಲೂಸಿಯಾನ ಸ್ಟೇಟ್‌ಗೆ ವರ್ಗವಾದ ಪಾಲ್ ಸ್ಕೀನ್ಸ್ ಒಂದೇ ಋತು ಅಲ್ಲಿ ಎಸೆದು ಪ್ರಶಸ್ತಿ ಗೆಲ್ಲಿಸಿ, 2023ರ ಡ್ರಾಫ್ಟಿನ ಮೊದಲ ಆಯ್ಕೆಯಾಗಿ 92 ಲಕ್ಷ ಡಾಲರ್ ಪಡೆದರು. ಟೆನ್ನೆಸ್ಸಿಯ ಕೋಚ್ ಟೋನಿ ವಿಟೆಲೊ ವೃತ್ತಿಪರ ಬೇಸ್‌ಬಾಲಿನಲ್ಲಿ ಒಂದು ದಿನವೂ ಕೆಲಸ ಮಾಡದೆ 2025ರ ಅಕ್ಟೋಬರಿನಲ್ಲಿ ಸಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡದ ಮ್ಯಾನೇಜರ್ ಆದರು. ಇಂಥ ಸುದ್ದಿಗಳನ್ನು ಓದಿದವರಿಗೆ ಕಾಲೇಜು ಬೇಸ್‌ಬಾಲ್ ಎಂದರೆ ಹಣದ ಹೊಳೆ ಎನಿಸಬಹುದು. ಪಟ್ಟಿಯ ಮೂವತ್ತನಾಲ್ಕರಲ್ಲಿ ಮೂವತ್ತು ಹುಡುಗರು ಆ ಹೊಳೆಯನ್ನು ಕಾಣುವುದಿಲ್ಲ.

ಸಿಲಿಕಾನ್ ಕಣಿವೆಯಲ್ಲಿ ನೆಲೆಸಿರುವ ಕನ್ನಡದ ಮನೆಗಳಲ್ಲಿ ಈಗ ಲಿಟ್ಲ್ ಲೀಗ್ ಆಡಿ ಬೆಳೆದ ಮಕ್ಕಳಿದ್ದಾರೆ. ಮಗನಿಗೆ ಬೇಸ್‌ಬಾಲ್ ಮೂಲಕ ಕಾಲೇಜು ಸಿಗಬಹುದೇ ಎಂದು ಯೋಚಿಸುವ ಅಪ್ಪ ಅಮ್ಮಂದಿರೂ ಇರುತ್ತಾರೆ. ಅವರಿಗೆ ನಾನು ಹೇಳುವುದಿಷ್ಟು: ಕೋಚ್ ಮನೆಗೆ ಫೋನ್ ಮಾಡಿ ಹೊಗಳಿದಾಗ ಹಿಗ್ಗಿ, ಆದರೆ ಕೇಳಬೇಕಾದ್ದನ್ನು ಕೇಳಿ. ನೆರವು ಶೇಕಡ ಎಷ್ಟು, ಎಷ್ಟು ವರ್ಷಕ್ಕೆ, ಬರಹದಲ್ಲಿ ಕೊಡುತ್ತೀರಾ? ಕಳೆದ ಮೂರು ವರ್ಷದಲ್ಲಿ ಸೇರಿದ ಹೊಸ ಹುಡುಗರಲ್ಲಿ ಎಷ್ಟು ಜನ ಇನ್ನೂ ಪಟ್ಟಿಯಲ್ಲಿದ್ದಾರೆ? ತಂಡದಲ್ಲಿ ಎಂಜಿನಿಯರಿಂಗ್ ಅಥವಾ ಜೀವವಿಜ್ಞಾನ ಓದುತ್ತಿರುವವರು ಯಾರಾದರೂ ಇದ್ದಾರೆಯೇ, ಅವರ ಲ್ಯಾಬಿನ ವ್ಯವಸ್ಥೆ ಹೇಗೆ? ತೋಳಿಗೆ ಪೆಟ್ಟಾಗಿ ಆಟ ನಿಂತರೆ ನೆರವು ನಿಲ್ಲುತ್ತದೆಯೇ? ಆಮೇಲೆ ಆ ವಿಶ್ವವಿದ್ಯಾಲಯದ ಹೋದ ವರ್ಷದ ಪಟ್ಟಿಯನ್ನೂ ಈ ವರ್ಷದ ಪಟ್ಟಿಯನ್ನೂ ಪಕ್ಕಪಕ್ಕದಲ್ಲಿಟ್ಟು ಕೆಳಗಿನಿಂದ ಮೇಲಕ್ಕೆ ಓದಿ. ಯಾವ ಹೆಸರುಗಳು ಕಾಣೆಯಾಗಿವೆ ಎಂದು ನೋಡಿ, ಸಾಧ್ಯವಾದರೆ ಆ ಹುಡುಗರಲ್ಲಿ ಒಬ್ಬನೊಂದಿಗಾದರೂ ಮಾತಾಡಿ. ಸಹಿ ಹಾಕುವುದು ಅದರ ನಂತರ.